ಸೀನನಿಗೆ, ಟ್ರೈನ್ ಹತ್ತುವ ಮುಂಚೆ

ಲೋ ಸೀನ,

ಪಂಚಗಂಗಾ ಎಕ್ಸ್‌ಪ್ರೆಸ್ಸಿನಲ್ಲಿ ಟಿಕೆಟ್ ಕನ್ಫರ್ಮ್ ಆಯ್ತು ಅಂತ ನೀನು ಗ್ರೂಪಿನಲ್ಲಿ ಹಾಕಿದಾಗ ಎಲ್ಲರೂ ಕುಣಿದರು. ನಾನೂ ಒಂದು ಕುಣಿಯುವ ಎಮೋಜಿ ಒತ್ತಿ, ಬೀರು ತೆಗೆದು ಅಂಗಿಗಳನ್ನು ನೋಡುತ್ತಾ ನಿಂತೆ. ಉಡುಪಿ, ಮಲ್ಪೆ, ಗೋಕರ್ಣ. ಮೂರೂ ಕಡೆ ಸೆಕೆ.

ಇದನ್ನು ವಾಟ್ಸಾಪಿನಲ್ಲೇ ಕಳಿಸಬಹುದಿತ್ತು. ಕಳಿಸಿದರೆ ನೀನು ಒಂದು ಹೆಬ್ಬೆರಳು ಒತ್ತಿ ಸುಮ್ಮನಾಗುತ್ತೀಯ. ಹತ್ತು ಜನ ನೋಡುತ್ತಿದ್ದಾರೆ ಅಂದರೆ ಪೂರ್ತಿ ಓದುತ್ತೀಯ. ಹಾಸನದ ಛತ್ರಿ ವಿಷಯ ಇಲ್ಲಿ ಎತ್ತಲ್ಲ, ಪ್ರಾಮಿಸ್.

ವಿಷಯ ನನ್ನ ಎಡಗೈದು. ನಿನಗೆ ಗೊತ್ತು. ಓದುತ್ತಿರುವ ಉಳಿದವರಿಗೆ ಇಷ್ಟು ಸಾಕು: ಕಾಲೇಜು ಮುಗಿಯುವ ಕಾಲಕ್ಕೆ ನನಗೆ ನಾನೇ ಮಾಡಿಕೊಂಡ ಗಾಯಗಳವು. ವಾಸಿಯಾಗಿ ವರ್ಷಗಳಾದವು. ಗುರುತು ಹೋಗಿಲ್ಲ.

ಬೆಂಗಳೂರಲ್ಲಿ ಇದು ಅಂಥಾ ತಲೆನೋವೇನಲ್ಲ. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಊರು. ಬೇಸಿಗೆ ಒಂದು ಬಿಟ್ಟರೆ ಫುಲ್ ಸ್ಲೀವ್ ಯಾಕೋ ಅಂತ ಯಾರೂ ಕೇಳಲ್ಲ. ಬೇಸಿಗೆಯಲ್ಲೂ ಬೈಕಿನವರು, ಡೆಲಿವರಿ ಹುಡುಗರು ಮೊಣಕೈ ದಾಟಿ ಸ್ಲೀವ್ಸ್ ಏರಿಸಿಕೊಂಡೇ ಓಡಾಡುತ್ತಾರೆ, ಅವರ ಮಧ್ಯೆ ನಾನೂ ಒಬ್ಬ. ಸ್ವಲ್ಪ ಕಷ್ಟ ಅಂದರೆ ಮೆಟ್ರೋದಲ್ಲಿ. ಸೆಕ್ಯೂರಿಟಿಯವರ ಮುಂದೆ ಆ ಪುಟ್ಟ ಕಟ್ಟೆ ಹತ್ತಿ ಎರಡೂ ಕೈ ಚಾಚಿದಾಗ ತೋಳು ಹಿಂದಕ್ಕೆ ಜಾರುತ್ತದೆ. ಅದಕ್ಕೇ ನಾನು ಅಂಗಡಿಯಲ್ಲಿ ಮೊದಲು ನೋಡೋದು ಕಫ್ಫಿನ ಗುಂಡಿ, ಆಮೇಲೆ ಬಣ್ಣ. ಆ ಸೆಕ್ಯೂರಿಟಿ ಪುಣ್ಯಾತ್ಮ ನನ್ನ ಕೈ ಕಡೆ ತಿರುಗಿಯೂ ನೋಡಲ್ಲ, ಹಿಂದಿನವನ ಬ್ಯಾಗಿನ ಮೇಲೇ ಅವನ ಕಣ್ಣು. ಆದರೂ ಗುಂಡಿ ಬೇಕು.

ಕರಾವಳಿ ಹಾಗಲ್ಲ ಕಣೋ. ಉಡುಪಿ ಮಠದಲ್ಲಿ ಗಂಡಸರು ಅಂಗಿ, ಬನಿಯನ್ ಬಿಚ್ಚಿ ಒಳಗೆ ಹೋಗಬೇಕು. ನಿಮ್ಮಮ್ಮ ಬೇರೆ ನಮ್ಮಿಬ್ಬರ ಹೆಸರಲ್ಲೂ ಹರಕೆ ಹೊತ್ತಿದ್ದಾರೆ. ಬೆನ್ನಿಗೆ ಹೊಟ್ಟೆ ಅಂಟಿಸಿಕೊಂಡು ನಿಲ್ಲುವ ಆ ಸಾಲಿನಲ್ಲಿ ಈ ಕೈಯನ್ನು ಎಲ್ಲಿಡಲಿ? ಶಲ್ಯ ಸುತ್ತಿಕೊಳ್ಳಬಹುದು. ಇಲ್ಲವೇ ನೀನು ಒಳಗೆ ಹೋಗು, ನಾನು ಹೊರಗಿನಿಂದಲೇ ಕನಕನ ಕಿಂಡಿಯಲ್ಲಿ ನೋಡಿ ಕೈ ಮುಗಿಯುತ್ತೇನೆ. ಕನಕದಾಸರನ್ನು ಬೇರೆಯವರು ತಡೆದರು ಅಂತ ಕಥೆ. ನನ್ನನ್ನು ತಡೆಯೋಕೆ ಯಾರೂ ಬೇಕಾಗಿಲ್ಲ.

ಬೀಚಿಗೆ ಈಜುವವರು ಹಾಕುವ ತೆಳ್ಳನೆಯ ಫುಲ್ ತೋಳಿನ ಟೀ ಶರ್ಟ್ ತಗೊಂಡಿದ್ದೇನೆ. ಸನ್‌ಸ್ಕ್ರೀನ್ ಕೂಡ. ನಗಬೇಡ, ಅದಕ್ಕೆ ಕಾರಣ ಇದೆ. ಹಳೇ ಗೀರು ಬಿಸಿಲಿಗೆ ಕಪ್ಪಾಗುವುದು ಕಮ್ಮಿ. ಸುತ್ತಲಿನ ಚರ್ಮ ಕಪ್ಪಾದಷ್ಟೂ ಅದು ಬೆಳ್ಳಗೆ ಎದ್ದು ಕಾಣುತ್ತದೆ. ಹೊಸ ಗುರುತಾದರೆ ಉಲ್ಟಾ, ಬಿಸಿಲು ಬಿದ್ದರೆ ಅದೇ ಕಪ್ಪಾಗಿ ಕೂರುತ್ತದೆ. ಹೇಗಿದ್ದರೂ ಹಚ್ಚಿಕೊಳ್ಳುವುದು ಹಚ್ಚಿಕೊಳ್ಳಲೇಬೇಕು.

ಯಾರಾದರೂ ಕೇಳಿದರೆ? ಅದಕ್ಕೆ ಕೌನ್ಸೆಲರ್ ಒಂದು ಉಪಾಯ ಹೇಳಿಕೊಟ್ಟಿದ್ದಾರೆ. ಒಂದೇ ವಾಕ್ಯ, ಅದೂ ಮೊದಲೇ ಬಾಯಿಪಾಠ ಮಾಡಿಟ್ಟುಕೊಂಡಿರಬೇಕು. ‘ಹಳೇ ಗಾಯ, ಈಗ ಆರಾಮ.’ ಅಷ್ಟು ಹೇಳಿ ನಾನೇ ಏನಾದರೂ ತಿರುಗಿ ಕೇಳಬೇಕು. ಇದಕ್ಕಿಂತ ಮುಂಚೆ ನನ್ನ ಹತ್ತಿರ ಇದ್ದದ್ದು ಬೆಕ್ಕು ಪರಚಿದ ಕಥೆ. ನಮ್ಮ ಅತ್ತೆ ಇವತ್ತಿಗೂ ಫೋನ್ ಮಾಡಿದಾಗೆಲ್ಲ ಬೆಕ್ಕು ಹೇಗಿದೆಯೋ ಅಂತ ವಿಚಾರಿಸುತ್ತಾರೆ. ನಮ್ಮ ಮನೆಯಲ್ಲಿ ಬೆಕ್ಕೇ ಇಲ್ಲ.

ಆ ವಾಕ್ಯವನ್ನು ಕನ್ನಡಿ ಮುಂದೆ ಹೇಳಿ ನೋಡಿದೆ. ಟಿಸಿ ಕೇಳಿದರೆ, ಸೋಡಾ ಮಾರುವವನು ಕೇಳಿದರೆ ಸಲೀಸಾಗಿ ಬರುತ್ತದೆ. ನೀನು ಕೇಳಿದ ಹಾಗೆ ಅಂದುಕೊಂಡಾಗ ಬರಲಿಲ್ಲ. ವಿ.ವಿ. ಪುರದ ತಿಂಡಿ ಬೀದಿ ನೆನಪಿದೆಯಾ? ಅವರೆಬೇಳೆ ದೋಸೆ ತಿಂದು ಕೈ ತೊಳೆಯೋಕೆ ತೋಳು ಮಡಚಿದೆ. ನೀರು ಹಾಕುತ್ತಿದ್ದವನು ನೀನು. ಚೊಂಬು ಅರೆಗಳಿಗೆ ನಿಂತಿತು. ಆಮೇಲೆ ನೀನು ಆರ್‌ಸಿಬಿ ಬೌಲಿಂಗ್ ಬಗ್ಗೆ ಜೋರಾಗಿ ಶುರು ಮಾಡಿದೆ. ಸದ್ಯ ಕೇಳಲಿಲ್ಲವಲ್ಲ ಅನ್ನಿಸಿತು. ಮನೆಗೆ ಬಂದ ಮೇಲೆ ನಿನ್ನ ಮೇಲೆ ಕೆಟ್ಟ ಕೋಪ ಬಂತು. ಮುಚ್ಚಿಡುವವನೂ ನಾನೇ, ಯಾಕೆ ಕೇಳಲಿಲ್ಲ ಅಂತ ಮುನಿಸಿಕೊಳ್ಳುವವನೂ ನಾನೇ. ಜಾತ್ರೆಯಂಥ ಜನದಲ್ಲಿ ಯಾರು ನೋಡಿದರೂ ನನಗೆ ಅಷ್ಟೇನೂ ಆಗುವುದಿಲ್ಲ ಕಣೋ. ನೀನು ನೋಡಿಯೂ ನೋಡದ ಹಾಗೆ ಮುಖ ತಿರುಗಿಸುತ್ತೀಯಲ್ಲ, ಅದಕ್ಕೇ ಹೆದರಿಕೆ.

ಬರೀತಾ ಬರೀತಾ ಇನ್ನೊಂದೂ ಬಂದುಬಿಡುತ್ತಿದೆ, ತಗೋ. ಮೊನ್ನೆ ಬ್ಯಾಗ್ ತುಂಬುತ್ತಾ ಕೂತಾಗ ರಾತ್ರಿ ಹಳೇ ಯೋಚನೆ ತಲೆಗೆ ಬಂತು. ಏನೂ ಮಾಡಿಕೊಳ್ಳಲಿಲ್ಲ. 14416ಕ್ಕೆ ಫೋನ್ ಮಾಡಿದೆ. ಟೆಲಿ ಮಾನಸ್ ಅಂತ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರಲ್ಲಿ ಶುರುವಾದದ್ದು. ದುಡ್ಡಿಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಆ ಕಡೆಯ ಹೆಣ್ಣುಮಗಳು ಮೊದಲು ಕೇಳಿದ್ದು ಊಟ ಆಯ್ತಾ ಅಂತ. ಆಗಿರಲಿಲ್ಲ. ಬೆಳಿಗ್ಗೆ ಕೌನ್ಸೆಲರಿಗೂ ಹೇಳಿದೆ. ಈಗ ಆರಾಮ. ಇದು ಬಾಯಿಪಾಠದ ಆರಾಮ ಅಲ್ಲ, ನಿಜವಾದದ್ದು.

ಸಾಕಪ್ಪ. ಇಷ್ಟು ಹೇಳಬೇಕು ಅಂತ ಕೂತಿರಲಿಲ್ಲ. ಕಾಮೆಂಟಿನಲ್ಲಿ ಯಾರೂ ಕೈ ಮುಗಿಯುವ ಎಮೋಜಿ ಹಾಕಬೇಡಿ, ನಾನಿನ್ನೂ ಇದ್ದೇನೆ. ಸೀನ, ನೀನೂ ಈಗಲೇ ಫೋನ್ ಮಾಡಿ ಗಂಟಲು ಸರಿ ಮಾಡಿಕೊಳ್ಳಬೇಡ. ಟ್ರೈನಿನಲ್ಲಿ ಕೇಳು, ಸಕಲೇಶಪುರ ದಾಟಿದ ಮೇಲೆ. ಹೇಗೂ ನಿನ್ನ ಗೊರಕೆಗೆ ನನಗೆ ನಿದ್ದೆ ಬರಲ್ಲ.

ಇನ್ನು ಮಠದ ವಿಷಯ. ಯೋಚನೆ ಮಾಡಿದೆ. ನೀನು ಅಂಗಿ ಬಿಚ್ಚಿ ನನ್ನ ಪಕ್ಕ ನಿಂತರೆ ಸಾಲಿನಲ್ಲಿ ಯಾರೂ ನನ್ನ ಕೈ ನೋಡುವುದಿಲ್ಲ. ಆ ಹೊಟ್ಟೆಯನ್ನು ಬಿಟ್ಟು ಇನ್ನೇನು ನೋಡ್ತಾರೆ? ಅದನ್ನು ಹಾಗೇ ಕಾಪಾಡಿಕೊಂಡು ಬಾ. ಗೋಳಿಬಜೆ ಖರ್ಚು ನನ್ನದು.

ನಿನ್ನ,
ಪಾರ್ಸೆಲ್