ಎರಡನೇ ಬ್ಯಾಟರಿ ಹಾಳಾದದ್ದಕ್ಕೆ ₹14,500 ಮುರಿದುಕೊಂಡ ಬಗ್ಗೆ

ಪುಣೆ, 24 ನವೆಂಬರ್ 2025

ಇವರಿಗೆ,
ವ್ಯವಸ್ಥಾಪಕರು, ಕ್ಯಾಂಪರ್ ವ್ಯಾನ್ ಬಾಡಿಗೆ ವಿಭಾಗ

ವಿಷಯ: ನವೆಂಬರ್ 14ರಿಂದ 16ರವರೆಗಿನ ಪುಣೆ–ಮಹಾಬಳೇಶ್ವರ ಬಾಡಿಗೆ, ಠೇವಣಿ ವಾಪಸಾತಿ

ಮಾನ್ಯರೇ,

ಇಂಗ್ಲಿಷಿನಲ್ಲಿ ಎರಡು ಮೇಲ್ ಹಾಕಿದೆವು, ಮರಾಠಿಯಲ್ಲಿ ನಾಲ್ಕು ಸಲ ಫೋನ್ ಮಾಡಿದೆವು. ‘ನಾವೂ ಕನ್ನಡದವರೇ’ ಎಂದು ನಿಮ್ಮ ಕೌಂಟರಿನ ಮೇಲೆ ಬೋರ್ಡ್ ಇದೆ. ಅದನ್ನು ನಂಬಿ ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನಮ್ಮ ₹20,000 ಠೇವಣಿಯಲ್ಲಿ ₹14,500 ಮುರಿದುಕೊಂಡು, ಕಾರಣದ ಜಾಗದಲ್ಲಿ ‘ಗ್ರಾಹಕರ ನಿರ್ಲಕ್ಷ್ಯದಿಂದ ಎರಡನೇ ಬ್ಯಾಟರಿ ಹಾಳು’ ಎಂದು ಬರೆದಿದ್ದೀರಿ. ಬ್ಯಾಟರಿ ಹಾಳಾಗಿದೆ, ನಿಜ. ಯಾಕೆ ಹಾಳಾಗುತ್ತಿದೆ ಎಂಬುದನ್ನು ಮೊದಲ ರಾತ್ರಿಯೇ, ಅದು ಇನ್ನೂ ಜೀವಂತ ಇರುವಾಗಲೇ, ನಿಮ್ಮವರಿಗೆ ಹೇಳಿದ್ದೆವು.

ಫ್ರಿಜ್, ದೀಪಗಳಿಗೆಂದೇ ನಿಮ್ಮ ಗಾಡಿಯಲ್ಲಿರುವ ಈ ಎರಡನೆಯದು 12 ವೋಲ್ಟಿನ, 100 ಆಂಪಿಯರ್-ಅವರ್ ಲೆಡ್ ಆಸಿಡ್ ಬ್ಯಾಟರಿ. ಅದನ್ನು ಅರ್ಧಕ್ಕಿಂತ ಕೆಳಗಿಳಿಸಿದಷ್ಟೂ ಬಾಳಿಕೆ ಕಡಿಮೆ. ಆದ್ದರಿಂದ ಬಳಸಲು ಸಿಗುವುದು 50 ಮಾತ್ರ. ಕಂಪ್ರೆಸರ್ ಫ್ರಿಜ್ ಓಡುವಾಗ ಸುಮಾರು 4 ಆಂಪಿಯರ್ ಎಳೆಯುತ್ತದೆ. ದಿನದಲ್ಲಿ ಹತ್ತು ತಾಸು ಓಡಿದರೆ ಅಲ್ಲಿಗೇ 40. ಚಾವಣಿಯ ಫ್ಯಾನು, ದೀಪ, ನೀರಿನ ಪಂಪು ಸೇರಿದರೆ ಒಂದು ದಿನಕ್ಕೇ ಸಾಲದು. ಎಂಜಿನ್ ಓಡುವಾಗ ಆಲ್ಟರ್ನೇಟರಿನ ಕರೆಂಟು ಇದಕ್ಕೂ ಹರಿಯಲಿ ಎಂದೇ ಎರಡು ಬ್ಯಾಟರಿಗಳ ನಡುವೆ ರಿಲೇ, ಅಂದರೆ ತಾನಾಗಿ ಕೂಡಿಸಿ ಬಿಡಿಸುವ ಸ್ವಿಚ್ಚು, ಇರುವುದು. ಎಂಜಿನ್ನಿನ ಬ್ಯಾಟರಿ, ಅಂದರೆ ಮುಂಭಾಗದ್ದು, 13.3 ವೋಲ್ಟ್ ದಾಟಿದಾಗ ಅದು ಎರಡನ್ನೂ ಕೂಡಿಸಬೇಕು, 12.8ಕ್ಕೆ ಇಳಿದಾಗ ಬಿಡಿಸಬೇಕು. ಖಂಬಾಟ್ಕಿ ಘಾಟ್ ಹತ್ತಿ, ಸುರೂರಿನಲ್ಲಿ ಹೆದ್ದಾರಿ ಬಿಟ್ಟು, ವಾಯಿ, ಪಸರಣಿ ಘಾಟ್, ಪಂಚಗಣಿ ದಾಟಿ ಮಹಾಬಳೇಶ್ವರ ಮುಟ್ಟುವಷ್ಟರಲ್ಲಿ ಎಂಜಿನ್ ಮೂರೂವರೆ ತಾಸು ಓಡಿತ್ತು. ಪುಣೆಯಲ್ಲಿ 12.5 ಇದ್ದ ಎರಡನೇ ಬ್ಯಾಟರಿ ವೆಣ್ಣಾ ಕೆರೆಯ ಹತ್ತಿರ ನಿಲ್ಲಿಸಿದಾಗ 12.2. ದಾರಿಯುದ್ದಕ್ಕೂ ತುಂಬಬೇಕಾದದ್ದು ದಾರಿಯುದ್ದಕ್ಕೂ ಖಾಲಿಯಾಗುತ್ತಾ ಬಂದಿತ್ತು.

ರಾತ್ರಿ 9.40ಕ್ಕೆ ನಿಮ್ಮ ‘24 ತಾಸಿನ ಸಹಾಯವಾಣಿ’ಗೆ ಫೋನ್ ಮಾಡಿದವಳು ನಾನು. ಎಂಜಿನ್ ಚಾಲೂ ಇಟ್ಟು, ಮಲ್ಟಿಮೀಟರ್ ಹಿಡಿದು ಓದಿ ಹೇಳಿದೆ. ಮುಂಭಾಗದ ಬ್ಯಾಟರಿ 14.2. ರಿಲೇಗೆ ಕರೆಂಟು ಬರುವ ಬೋಲ್ಟ್ 14.2. ಹೊರಗೆ ಹೋಗುವ ಬೋಲ್ಟ್ 12.2.

“ಅಕ್ಕಾರ, ಗಾಡಿ ಚಾಲೂ ಐತೇನ್ರಿ?”

ಐತಿ ಎಂದೆ.

“ಒಮ್ಮೆ ಬಂದ್ ಮಾಡಿ ಚಾಲೂ ಮಾಡ್ರಿ.”

ಮಾಡಿದೆ. ಮತ್ತೆ ಅವೇ ಮೂರು ಅಂಕಿ ಓದಿದೆ.

“ಮೀಟರ್ ಎಷ್ಟಕ್ಕ ತಗೊಂಡೀರಿ?”

ಮೀಟರಿನ ಬೆಲೆಗೂ ಬ್ಯಾಟರಿಯ ವೋಲ್ಟಿಗೂ ಏನು ಸಂಬಂಧ ಎಂದು ಕೇಳಿದೆ.

“ಹಂಗಲ್ರಿ ಅಕ್ಕಾರ, ಇವೆಲ್ಲಾ ವಾಯರಿಂಗ್ ವಿಷಯ, ನಿಮಗ ತಿಳಿಯಂಗಿಲ್ಲ. ಸಾಹೇಬ್ರು ಅಲ್ಲೇ ಇದ್ರ ಫೋನ್ ಅವರ ಕೈಯಾಗ ಕೊಡ್ರಿ.”

ಸಾಹೇಬರು ಆಗ ಈರುಳ್ಳಿ ಹೆಚ್ಚುತ್ತಿದ್ದರು. ರಿಲೇ ಯಾವುದು ಫ್ಯೂಸ್ ಯಾವುದು ಎಂದು ಅವರಿಗೆ ಗೊತ್ತಿಲ್ಲ. ಇದನ್ನು ಒಪ್ಪಿಯೇ ಅವರೂ ಕೆಳಗೆ ಸಹಿ ಹಾಕಿದ್ದಾರೆ. ಕೈ ಒರೆಸಿಕೊಂಡು ಬಂದು, ನಾನು ಪಿಸುಗುಟ್ಟಿದ್ದನ್ನು ಗಟ್ಟಿಯಾಗಿ ಹೇಳಿದರು: 14.2, 14.2, 12.2.

“ಹಾಂ ಸರ, ಈಗ ತಿಳೀತ್ ನೋಡ್ರಿ. ರಿಲೇ ಕೂಡವಲ್ದು.”

ಗಂಡಸಿನ ಬಾಯಲ್ಲಿ ಬಂದ 12.2 ಹೆಚ್ಚು ನಿಖರ ಎಂಬ ವಿದ್ಯುತ್ ಶಾಸ್ತ್ರ ನನಗೆ ಹೊಸದು. ನಿಮ್ಮ ಸಿಬ್ಬಂದಿ ತರಬೇತಿಯಲ್ಲಿ ಇದು ಎಷ್ಟನೇ ಪಾಠ?

ರಿಲೇ ಯಾಕೆ ಕೂಡಲಿಲ್ಲ ಎಂಬುದು ಟಾರ್ಚ್ ಹಾಕಿದರೆ ಕಾಣುತ್ತಿತ್ತು. ಅದರ ಕಪ್ಪು ಅರ್ಥ್ ವೈರಿನ ರಿಂಗ್ ಟರ್ಮಿನಲ್ಲನ್ನು ಬಣ್ಣ ಬಳಿದ ತಗಡಿನ ಮೇಲೆಯೇ ಸ್ಕ್ರೂ ಹಾಕಿ ಕೂರಿಸಿದ್ದೀರಿ. ಟರ್ಮಿನಲ್ ಹಸಿರು ಕಿಲುಬು ಹಿಡಿದಿದೆ. ಅರ್ಥ್ ಸಿಗದಿದ್ದರೆ ರಿಲೇ ವೋಲ್ಟ್ ಅಳೆಯಲಾರದು, ಅಳೆಯದೆ ಕೂಡಲಾರದು. ಬಣ್ಣ ಕೆರೆದು, ಹೊಸ ಟರ್ಮಿನಲ್ ಒತ್ತಿ, ಹಲ್ಲಿನ ವಾಷರ್ ಹಾಕಿ ಬಿಗಿ ಮಾಡಿದರೆ ಹತ್ತು ನಿಮಿಷದ ಕೆಲಸ. ಮಾಡಲೇ ಎಂದು ಕೇಳಿದ್ದಕ್ಕೆ “ಮುಟ್ಟಬ್ಯಾಡ್ರಿ, 11ನೇ ನಿಯಮ ನೋಡ್ರಿ” ಎಂದರು. ನೋಡಿದ್ದೇವೆ: ವೈರಿಂಗ್ ಮುಟ್ಟಿದರೆ ₹10,000 ದಂಡ. ಅದರ ಕೆಳಗೇ ಇರುವ 12ನೆಯದು ಏನೆಂದು ನಿಮಗೆ ನಾವು ಹೇಳಬೇಕಿಲ್ಲ. ಅದರ ಪ್ರಕಾರ 12 ತಾಸಿನೊಳಗೆ ಬರಬೇಕಿದ್ದ ಮೆಕ್ಯಾನಿಕ್ ಬರಲಿಲ್ಲ, ಬದಲಿ ಗಾಡಿಯೂ ಬರಲಿಲ್ಲ. ಶನಿವಾರ ಮಧ್ಯಾಹ್ನ ವಾಟ್ಸಾಪಿನಲ್ಲಿ ಒಂದು ಹೆಬ್ಬೆರಳು ಬಂತು. ಮುಟ್ಟಿದರೆ ಹತ್ತು ಸಾವಿರ, ಮುಟ್ಟದಿದ್ದರೆ ಹದಿನಾಲ್ಕೂವರೆ!

ಇನ್ನು ಫ್ರಿಜ್. ಬ್ಯಾಟರಿ ಇಳಿದಾಗ ತಾನಾಗಿ ನಿಲ್ಲಲು ಅದಕ್ಕೆ ಎಚ್, ಎಮ್, ಎಲ್ ಎಂಬ ಮೂರು ಹಂತಗಳಿವೆ. ಗಾಡಿಯ ಬ್ಯಾಟರಿಗೆ ಇಡಬೇಕಾದದ್ದು ಎಚ್. ಅದರಲ್ಲಿ ಫ್ರಿಜ್ ಬೇಗ ನಿಂತು ಬ್ಯಾಟರಿಯನ್ನು ಉಳಿಸುತ್ತದೆ. ನೀವು ಕೊಟ್ಟಾಗ ಎಲ್ ಮೇಲಿತ್ತು, ಅಂದರೆ ಬ್ಯಾಟರಿಯನ್ನು ತಳದವರೆಗೂ ಹೀರುವ ಹಂತ. ಇದು ನಮ್ಮ ಕಣ್ಣಿಗೆ ಬಿದ್ದದ್ದು ಭಾನುವಾರ ಬೆಳಿಗ್ಗೆ, ಬ್ಯಾಟರಿ 10.1ಕ್ಕೆ ಬಂದ ಮೇಲೆ. ತಡವಾಯಿತು, ಒಪ್ಪುತ್ತೇವೆ. ಆದರೆ ಎಲ್‌ನಲ್ಲಿ ಇಟ್ಟವರು ನಾವಲ್ಲ.

ಉಳಿದದ್ದನ್ನು ಚಿಕ್ಕದಾಗಿ ಹೇಳುತ್ತೇನೆ, ಚಿಕ್ಕ ವಿಷಯ ಎಂದಲ್ಲ. ಪಸರಣಿ ಘಾಟನ್ನು ಎರಡನೇ ಗೇರಿನಲ್ಲೇ ಇಳಿಸಿದರೂ ಬ್ರೇಕ್ ಪೆಡಲ್ ಮೆತ್ತಗಾಯಿತು. ವಾಯಿಯಲ್ಲಿ ನೋಡಿದರೆ ಬ್ರೇಕ್ ಆಯಿಲ್ ಡಿಕಾಕ್ಷನ್ ಬಣ್ಣಕ್ಕೆ ಬಂದಿತ್ತು. ಆ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕುದಿಯಲು 205 ಡಿಗ್ರಿ ಬೇಕು, ತೇವ ಹೀರಿದ್ದಕ್ಕೆ 140 ಸಾಕು. ಕುದ್ದು ಆವಿಯಾದರೆ ಪೆಡಲ್ ಸೀದಾ ನೆಲಕ್ಕೆ. ಗ್ಯಾಸ್ ಪೆಟ್ಟಿಗೆಯ ತಳದ ತೂತಿನ ಮೇಲೆ ನಿಮ್ಮ ಬಡಗಿ ಪ್ಲೈವುಡ್ ಹೊಡೆದಿದ್ದಾನೆ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ಇಳಿದು ಹೋಗಲಿ ಎಂದೇ ಆ ತೂತು ಇರುವುದು. ಸಿಲಿಂಡರಿನ ಮೇಲೆ ‘ಡಿ 24’ ಎಂದಿದೆ. ಅಂದರೆ 2024ರ ಡಿಸೆಂಬರಿನೊಳಗೆ ಮರುಪರೀಕ್ಷೆ ಆಗಬೇಕಿತ್ತು.

ಏಳು ದಿನದೊಳಗೆ ₹14,500 ವಾಪಸ್ ಹಾಕಿ. ಹಾಕದಿದ್ದರೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು, ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾವು ವಾಸವಿರುವ ಊರಿನಲ್ಲೇ ದೂರು ಕೊಡಬಹುದು, ಇಷ್ಟು ಮೊತ್ತಕ್ಕೆ ಶುಲ್ಕವೂ ಇಲ್ಲ. ಈ ಬಗ್ಗೆ ಫೋನ್ ಮಾಡುವುದಾದರೆ ನನಗೇ ಮಾಡಿ, ಸಾಹೇಬರಿಗಲ್ಲ.

ಇನ್ನೊಂದು ಮಾತು. ನಿಮ್ಮ ಗಾಡಿಯ ನಂಬರ್ ಪ್ಲೇಟ್ ಬಿಳಿ, ಅಕ್ಷರ ಕಪ್ಪು. ತಾವೇ ಓಡಿಸಿಕೊಳ್ಳಲು ಬಾಡಿಗೆಗೆ ಕೊಡುವ ಗಾಡಿಗೆ ಕಪ್ಪು ಪ್ಲೇಟು, ಹಳದಿ ಅಕ್ಷರ ಇರಬೇಕು ಎಂಬುದು ನಿಮಗೆ ಗೊತ್ತೇ ಇದೆ. ಸಂಗಮ್ ಬ್ರಿಜ್ ಹತ್ತಿರದ ಆರ್‌ಟಿಒ ಕಚೇರಿಯವರಿಗೂ ಗೊತ್ತಿದೆ. ಹಣ ಬಂದರೂ ಬರದಿದ್ದರೂ ಪ್ಲೇಟಿನ ಫೋಟೊಗಳನ್ನು ಹಿಡಿದು ಮುಂದಿನ ವಾರ ಅಲ್ಲಿಗೆ ಹೋಗುವವಳಿದ್ದೇನೆ.

ಇಂತಿ,
ಬುಕಿಂಗ್ ಯಾರ ಹೆಸರಿನಲ್ಲಿದೆಯೋ ಆ ‘ಅಕ್ಕಾರು’
(ಜೊತೆಗೆ ಸಾಹೇಬರ ಸಹಿ)

ಲಗತ್ತು: ಮೀಟರಿನ ಫೋಟೊ 6, ಕಿಲುಬು ಹಿಡಿದ ಟರ್ಮಿನಲ್ಲಿನ ಫೋಟೊ 2, ನಂಬರ್ ಪ್ಲೇಟಿನ ಫೋಟೊ 4