ಎರಡು ಲೂಪ್, ಒಂದೇ ಐ

ಮಾನ್ಯ ಸಂಪಾದಕರೇ,

ನಮ್ಮ ಜಿಲ್ಲೆಯಲ್ಲಿ ವೆಬ್ ಪುಟಗಳಿಗೆ ಬಳಸುವ ಜಾವಾಸ್ಕ್ರಿಪ್ಟ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಹೇಳಿಕೊಡುವ ಮೇಷ್ಟ್ರುಗಳಿಗೆ ಒಂದು ಮಾತು ಹೇಳಬೇಕಿದೆ. ನಾನು ಸಾಗರದಲ್ಲಿ ವೆಬ್‌ಸೈಟ್ ಮಾಡಿಕೊಡುತ್ತೇನೆ. ಓದು ಮುಗಿಸಿ ನನ್ನ ಹತ್ತಿರ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ಚುರುಕಾಗಿದ್ದಾರೆ. ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸುವ ಲೂಪ್ ಗೊತ್ತು, ಹೆಸರಿಟ್ಟು ಬೇಕಾದಾಗ ಕರೆಯುವ ಪ್ರೋಗ್ರಾಂ ತುಣುಕು, ಅಂದರೆ ಫಂಕ್ಷನ್ ಗೊತ್ತು. ಆದರೆ ಒಂದು ಫಂಕ್ಷನ್‌ನ ಡೇಟಾ ಇನ್ನೊಂದಕ್ಕೆ ಹೇಗೆ ಕೊಡುತ್ತೀಯ ಅಂತ ಕೇಳಿದರೆ ಸಾಕು, ‘ಗ್ಲೋಬಲ್ ಮಾಡಿಬಿಟ್ಟರೆ ಆಯ್ತಲ್ಲ ಸಾರ್’ ಅನ್ನುತ್ತಾರೆ. ಅಂದರೆ ಇಡೀ ಪ್ರೋಗ್ರಾಂಗೆ ಕಾಣುವ ಹಾಗೆ ಇಟ್ಟುಬಿಡುವುದು.

ಹಾಗೆ ಮಾಡಿದ್ದರಿಂದ ಕಳೆದ ಅಡಿಕೆ ಕೊಯ್ಲಿನ ಹೊತ್ತಿಗೆ ಏನಾಯಿತು ಕೇಳಿ. ಒಂದು ಸಂಘದ ಲೆಕ್ಕದ ಪುಟ ರಿಪೇರಿಗೆ ಬಂತು. ರಾಶಿ, ಬೆಟ್ಟೆ, ಗೊರಬಲು, ಸರಕು ಅಂತ 4 ಬಗೆ ಅಡಿಕೆಗೆ ಒಂದು ಲೂಪ್, ಅದರೊಳಗಿಂದ ಕರೆಯುವ ಫಂಕ್ಷನ್‌ನಲ್ಲಿ ಚೀಲಗಳ ತೂಕ ಕೂಡಿಸಲು ಇನ್ನೊಂದು ಲೂಪ್. ಎರಡರಲ್ಲೂ ಎಣಿಕೆಗೆ ಐ (i) ಅನ್ನುವ ಹೆಸರೇ, ಎಲ್ಲೂ ಡಿಕ್ಲೇರ್ ಮಾಡಿಲ್ಲ, ಅಂದರೆ ಈ ಹೆಸರು ಇಲ್ಲಿಯದು ಅಂತ ಮೊದಲೇ ಹೇಳಿಲ್ಲ. ಹಾಗೆ ಬಿಟ್ಟರೆ ಜಾವಾಸ್ಕ್ರಿಪ್ಟ್ ಸುಮ್ನೆ ಅದನ್ನು ಗ್ಲೋಬಲ್ ಮಾಡಿಕೊಳ್ಳುತ್ತದೆ, ಅಂದರೆ ಜಗಲಿ ಮೇಲಿಟ್ಟ ಚೊಂಬಿನ ಹಾಗೆ, ಯಾರು ಬೇಕಾದರೂ ಎತ್ತಿಕೊಳ್ಳಬಹುದು. ರಾಶಿಯ 10 ಚೀಲ ಎಣಿಸಿ ಮುಗಿಯುವಾಗ ಐ 10 ಆಗಿರುತ್ತದೆ. ಹೊರಗಿನ ಲೂಪ್ ನೋಡುತ್ತದೆ, 4 ದಾಟಿ ಹೋಗಿದೆ, ನಿಂತುಬಿಡುತ್ತದೆ. ಬೆಟ್ಟೆ, ಗೊರಬಲು, ಸರಕು ಮೂರೂ ಲೆಕ್ಕಕ್ಕೇ ಬರಲಿಲ್ಲ. ಒಂದು ಎರರ್ ಕೂಡ ಕಾಣಿಸಲಿಲ್ಲ! ಮಳೆಗಾಲವಿಡೀ ಕೊಳೆ ರೋಗಕ್ಕೆ ಮದ್ದು ಹೊಡೆದು ಬೆಳೆ ಉಳಿಸಿಕೊಂಡವರು ಕಡಿಮೆ ದುಡ್ಡಿನ ಚೀಟಿ ಹಿಡಿದು ನಿಂತಿದ್ದರು. ನೋಡಿ ಹೊಟ್ಟೆ ಉರಿಯಿತು.

ಸರಿ ಮಾಡಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಎರಡು ಕಡೆಯೂ ಐ ಮುಂದೆ ಡಿಕ್ಲೇರ್ ಮಾಡುವ ಪದ ಲೆಟ್ (let) ಹಾಕಿದೆ. ಲೆಟ್ ಭಾಷೆಗೆ ಬಂದಿದ್ದೇ 2015ರಲ್ಲಿ. ಅದರಿಂದ ಡಿಕ್ಲೇರ್ ಮಾಡಿದ್ದು ಆ ಲೂಪ್ ಬಿಟ್ಟು ಆಚೆ ಬರುವುದಿಲ್ಲ, ಅದೇ ಕೆಲಸದ ಹಳೆಯ ಪದ ವಾರ್ (var) ಆದರೆ ಇಡೀ ಫಂಕ್ಷನ್‌ಗೆ ಹರಡಿಕೊಳ್ಳುತ್ತದೆ. ಫೈಲಿನ ಮೊದಲ ಸಾಲಿನಲ್ಲಿ ಯೂಸ್ ಸ್ಟ್ರಿಕ್ಟ್ ("use strict") ಅಂತ ಬರೆದಿದ್ದರೆ ಡಿಕ್ಲೇರ್ ಆಗದ ಐ ಕಂಡ ಕೂಡಲೇ ಎರರ್ ಬಂದು ಕೆಲಸ ನಿಲ್ಲುತ್ತಿತ್ತು, ತಪ್ಪು ಚೀಟಿ ಯಾರ ಕೈಗೂ ಹೋಗುತ್ತಿರಲಿಲ್ಲ. ಈ ಸೌಲಭ್ಯ 2009ರ ಆವೃತ್ತಿಯಿಂದಲೂ ಇದೆ, ಅಲ್ವಾ?

ಇನ್ನು ಡೇಟಾ ಹಂಚಿಕೊಳ್ಳುವ ವಿಷಯ. ಚೀಲಗಳ ತೂಕವನ್ನು ಫಂಕ್ಷನ್‌ಗೆ ಪ್ಯಾರಾಮೀಟರ್ ಆಗಿ ಕೊಡಿ, ಕೂಡಿಸಿದ ಮೊತ್ತವನ್ನು ರಿಟರ್ನ್‌ನಲ್ಲಿ ವಾಪಸ್ ತೆಗೆದುಕೊಳ್ಳಿ. ಕೈಯಿಂದ ಕೈಗೆ ಕೊಟ್ಟ ಹಾಗೆ. ಆಗ ಲೆಕ್ಕ ಎಲ್ಲಿ ತಪ್ಪಿತು ಅಂತ ಹುಡುಕುವುದು ಸುಲಭ. ಪಿಎಚ್‌ಪಿ ಅನ್ನುವ ಇನ್ನೊಂದು ಭಾಷೆಯಲ್ಲಿ ಹೊರಗಿನ ವೇರಿಯಬಲ್ (ಐ ತರಹ ಡೇಟಾ ಇಟ್ಟುಕೊಳ್ಳುವ ಹೆಸರು) ಫಂಕ್ಷನ್ ಒಳಗೆ ತಾನಾಗಿ ಕಾಣುವುದೇ ಇಲ್ಲ, ಗ್ಲೋಬಲ್ ಅಂತ ಬರೆದು ಕೇಳಿಕೊಳ್ಳಬೇಕು. ಎರಡನ್ನೂ ಒಟ್ಟಿಗೆ ಕಲಿಯುವ ಮಕ್ಕಳು ಇಲ್ಲಿ ಜಾಸ್ತಿ ಗೊಂದಲ ಮಾಡಿಕೊಳ್ಳುತ್ತಾರೆ, ದಯವಿಟ್ಟು ಬಿಡಿಸಿ ಹೇಳಿ.

ಮೇಷ್ಟ್ರೇ, ಲ್ಯಾಬ್‌ನಲ್ಲಿ ಈ ಎರಡು ಲೂಪಿನ ಪ್ರೋಗ್ರಾಂ ಅನ್ನು ಒಮ್ಮೆ ತಪ್ಪಾಗಿಯೇ ಬರೆಸಿ, ಓಡಿಸಿ. ಮೂರು ಬಗೆ ಅಡಿಕೆ ಎಲ್ಲಿ ಹೋಯಿತು ಅಂತ ಮಕ್ಕಳೇ ಹುಡುಕಲಿ.

ಇಂತಿ ನಿಮ್ಮ ಓದುಗ,
ಸಾಗರ, ಶಿವಮೊಗ್ಗ ಜಿಲ್ಲೆ