ಅಜ್ಜನ ಪಕ್ಕದಲ್ಲಿ ಕೂತಿರುವ ಮಂಜುಗೆ

ಪ್ರೀತಿಯ ಮಂಜು,

ನಮ್ಮಪ್ಪನ, ಅಂದರೆ ನಿನ್ನ ಅಜ್ಜನ, ಸೊಂಟದ ಆಪರೇಷನ್ ಆಯ್ತು ಅಂತ ನೀನು ಹುಬ್ಬಳ್ಳಿಯಿಂದ ಫೋನ್ ಮಾಡಿದಾಗಿನಿಂದ ನನ್ನ ಜೀವವೆಲ್ಲ ಅಲ್ಲೇ ಇದೆ. ಆದರೂ ಈಗ ಗದಗ ಬಿಟ್ಟು ಬರುವುದಿಲ್ಲ. ನಾಲ್ಕು ದಿನದಿಂದ ಕೆಮ್ಮು. ಇದನ್ನು ಹೊತ್ತುಕೊಂಡು ಬಂದು ಅವರ ತಲೆದೆಸೆಯಲ್ಲಿ ಹೇಗೆ ಕೂರಲಿ?

ಮೂವತ್ತು ವರ್ಷ ವಾರ್ಡಿನಲ್ಲಿ ನರ್ಸ್ ಆಗಿದ್ದವಳು ಹೇಳುತ್ತೇನೆ, ಅಲ್ಲಿ ಸೋಂಕು ಜಾಸ್ತಿ ಓಡಾಡುವುದು ಕೈ ಮೇಲೆ. ಡಾಕ್ಟರ ಕೈ, ಸಿಸ್ಟರ ಕೈ, ನಿನ್ನ ಕೈ ಕೂಡ. ಪಕ್ಕದ ಕಾಟಿನವರನ್ನು ಎಬ್ಬಿಸಿ ಕೂರಿಸಲು ನೀನು ಓಡುತ್ತೀಯ, ಗೊತ್ತು. ಓಡು. ವಾಪಸ್ ಬಂದು ಅಜ್ಜನನ್ನು ಮುಟ್ಟುವ ಮುಂಚೆ ಕೈ ತೊಳಿ. ಕೆಲವು ಬ್ಯಾಕ್ಟೀರಿಯಾ ಒಣಗಿದ ಕಾಟಿನ ಕಂಬಿ ಮೇಲೂ ವಾರಗಟ್ಟಲೆ ಬದುಕಿರುತ್ತವೆ. ಸ್ಯಾನಿಟೈಸರ್ ಆದರೆ 20-30 ಸೆಕೆಂಡ್ ಉಜ್ಜು, ಸೋಪು ನೀರಾದರೆ 40-60. ಹೆಬ್ಬೆರಳು, ಉಗುರಿನ ತುದಿ ಮರೀಬೇಡ. ಭೇದಿ ಇದ್ದವರನ್ನು ಮುಟ್ಟಿದ್ದರೆ ಸೋಪು ನೀರೇ ಬೇಕು.

ಅಜ್ಜನಿಗೆ ಕ್ಯಾಥೆಟರ್, ಅಂದರೆ ಮೂತ್ರ ಹೊರಗೆ ಹರಿಯುವ ನಳಿಗೆ, ಹಾಕಿದ್ದಾರೆ ಅಂದೆಯಲ್ಲ, ನನಗೆ ಅದೇ ಚಿಂತೆ. ಯೂರಿನ್ ಬ್ಯಾಗ್ ಯಾವಾಗಲೂ ಹೊಟ್ಟೆಗಿಂತ ಕೆಳಗೆ ತೂಗಬೇಕು, ನೆಲಕ್ಕೆ ತಾಗಬಾರದು. ಎಕ್ಸ್‌ರೇಗೆ ಸ್ಟ್ರೆಚರ್ ಮೇಲೆ ಒಯ್ಯುವಾಗ ಅವಸರದಲ್ಲಿ ಅದನ್ನು ರೋಗಿಯ ಹೊಟ್ಟೆ ಮೇಲೇ ಇಟ್ಟುಬಿಡುತ್ತಾರೆ, ಆಗ ಬ್ಯಾಗಿನಲ್ಲಿದ್ದ ಮೂತ್ರ ಹಿಂದಕ್ಕೆ ಹರಿದು ಅದರಲ್ಲಿ ಬೆಳೆದದ್ದೆಲ್ಲ ಒಳಗೆ ಸೇರುತ್ತೆ. ನಳಿಗೆಯ ಒಳಮೈಗೆ ಬ್ಯಾಕ್ಟೀರಿಯಾ ಪಾಚಿ ಕಟ್ಟಿದ ಹಾಗೆ ಅಂಟಿಕೊಂಡರೆ ಔಷಧಿಗೂ ಬೇಗ ಬಗ್ಗುವುದಿಲ್ಲ. ಒಂದೊಂದು ದಿನ ಜಾಸ್ತಿ ಇದ್ದಷ್ಟೂ ಸೋಂಕಿನ ಭಯ ಜಾಸ್ತಿ. ಅದಕ್ಕೇ ದಿನಾ ರೌಂಡ್ಸಿಗೆ ಬಂದಾಗ ಕೇಳು, "ಸರ್, ಇವತ್ತು ನಳಿಗೆ ತೆಗೀಬಹುದಾ?" ಸಂಕೋಚ ಬೇಡ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ರಾತ್ರಿ ವಾರ್ಡಿಗೆ ನಾನೊಬ್ಬಳೇ. ಒಂದೇ ಗ್ಲೌಸಿನಲ್ಲಿ ಇಬ್ಬರ ಡ್ರೆಸ್ಸಿಂಗ್ ಮಾಡಿದೆ. ಕೈಗೆ ಗ್ಲೌಸ್ ಇದೆಯಲ್ಲ ಅನ್ನುವ ಧೈರ್ಯ. ಮೂರನೇ ದಿನಕ್ಕೆ ಎರಡನೆಯವರ ಗಾಯದಲ್ಲಿ ಕೀವು. ನನ್ನನ್ನು ಯಾರೂ ಏನೂ ಅನ್ನಲಿಲ್ಲ. ಆ ಅಮ್ಮ ಮನೆಗೆ ಹೋಗೋದು ಇನ್ನೂ ಹದಿನೈದು ದಿನ ತಡವಾಯ್ತು, ದಿನಾ ಬೆಳಿಗ್ಗೆ "ನನ್ನ ಯಾವಾಗ ಕಳಸ್ತೀಯವ್ವಾ" ಅಂತ ನನ್ನನ್ನೇ ಕೇಳುತ್ತಿದ್ದರು. ಇವತ್ತಿಗೂ ಆ ದನಿ ಕಿವಿಯಲ್ಲಿದೆ.

1847ರಲ್ಲೇ ವಿಯೆನ್ನಾದಲ್ಲಿ ಸೆಮೆಲ್‌ವೈಸ್ ಅನ್ನುವ ಡಾಕ್ಟರು ಬರೀ ಕೈ ತೊಳೆಸಿ ಎಷ್ಟೋ ಬಾಣಂತಿಯರ ಜೀವ ಉಳಿಸಿದ್ದರು. ಜೊತೆಯ ಡಾಕ್ಟರುಗಳಿಗೆ ಆ ಮಾತು ಹಿಡಿಸಲಿಲ್ಲ. ನೀನು "ಕೈ ತೊಳೆದಿರಾ?" ಅಂತ ಕೇಳಿದರೆ ಕೆಲವರು ಮುಖ ಗಂಟು ಹಾಕಬಹುದು. ಹಾಕಲಿ, ಮೆತ್ತಗೆ ಕೇಳು.

ಊರಿಂದ ಮಾತಾಡಿಸಲು ಬರುವವರನ್ನು ಕಾಟಿನ ಮೇಲೆ ಕೂರಿಸಬೇಡ. ಯಾರಾದರೂ ಸಿಟ್ಟಾದರೆ ಅತ್ತೆ ಹೇಳಿದ್ದಾರೆ ಅನ್ನು.

ಕೆಮ್ಮು ನಿಂತ ಮೇಲೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬರುತ್ತೇನೆ. ಇವತ್ತು ರಾತ್ರಿ ಅವರಿಗೆ ಜ್ವರ ಎಷ್ಟಿದೆ ನೋಡಿ ಫೋನ್ ಮಾಡು.

ನಿನ್ನ ಅತ್ತೆ